ಇವತ್ತು ಮೋಡಾನಾ?

ಭಾನುವಾರ, ಮಧ್ಯಾಹ್ನ

ತಮ್ಮಾ,

…ಮೊದ್ದು ಎಂದೆಯೋ, ಮೊಂಡಿ ಎಂದೆಯೋ, ಮಗಳನ್ನು ರಜೆಗೆ ಇಲ್ಲಿ ಬಿಟ್ಟುಹೋಗುವಾಗ ಮೆಟ್ಟಿಲ ಮೇಲೆ ನೀನಾಡಿದ ಮಾತು ಪೂರ್ತಿ ನೆನಪಿಲ್ಲ. "ಇವಳ ತಲೇಲಿ ಏನೂ ನಿಲ್ಲಲ್ಲ ಕಣೇ ಅಕ್ಕ" ಎಂದದ್ದು ಮಾತ್ರ ಕಿವಿಯಲ್ಲಿದೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರಾಗಬೇಡ. ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು. ನಿಜವೆಂದರೆ ಕೂತಾಗಲೆಲ್ಲ ಹಾಳೆ ಖಾಲಿಯೇ ಉಳಿಯಿತು.

ನಿನ್ನ ಮಗಳು, ನಮ್ಮ ಕಡ್ಡಿ, ಚೆನ್ನಾಗಿದ್ದಾಳೆ. ಗೋಡೆಗೆ ಬೆನ್ನು ಕೊಟ್ಟು, ನಿಂತೇ ಉಣ್ಣುತ್ತಾಳೆ. ಮಗ್ಗಿ ಮರೆಯುತ್ತಾಳೆ, ನಿಜ. ಆದರೆ ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿಯೇ ಯಾರೆಂದು ಹೇಳುತ್ತಾಳೆ. ಮೊನ್ನೆ, "ಮೇಲಿನ ಮನೆ ಡ್ರೈವರ್ ಮಾಮ ಯಾರ ಕೈಲೋ ಬೈಸ್ಕೊಂಡು ಬಂದಿದಾರೆ, ಅತ್ತೆ" ಎಂದಳು. ಅವನನ್ನೇ ಕೇಳಿದೆ. "ಹೌದು ಮೇಡಂ! ಮನೇಲಿ ಪೊಲೀಸ್ ನಾಯಿ ಸಾಕಿದೀರಾ?" ಎಂದು ನಕ್ಕ. ಅವಳು ನಗಲಿಲ್ಲ.

ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ, ನಿನ್ನನ್ನು ಕೇಳದೆ. ಆಕೆ ಹೇಳಿದರು: "ಹೆದರಿದಾಗ ಮೈ ಒಂದು ಹಾರ್ಮೋನ್ ಸುರಿಸುತ್ತೆ, ಓಡಿ ತಪ್ಪಿಸ್ಕೊಳ್ಳಲಿ ಅಂತ. ಓಡೋಕೆ ಜಾಗಾನೇ ಇಲ್ದೆ ದಿನಾ ಹೆದರ್ತಿದ್ರೆ? ಎಳೇ ಮಿದುಳು ಅದರಲ್ಲೇ ನೆನೆಯುತ್ತೆ. ಪಾಠ ಇಟ್ಕೊಳ್ಳೋ ಭಾಗ ಸೊರಗುತ್ತೆ, ಕಿವಿ ನೆಟ್ಟು ಕಾಯೋ ಭಾಗ ಕೊಬ್ಬುತ್ತೆ. ಇನ್ನೂ ಚಿಕ್ಕವಳು, ಹೆದರಿಕೆ ನಿಂತ್ರೆ ಚೇತರಿಸ್ಕೋತಾಳೆ." ಆಮೇಲೆ ಪೆನ್ನು ಕೆಳಗಿಟ್ಟು, "ಮನೇಲಿ ಯಾರಿಗೆ ಹೆದರ್ತಾಳೆ?" ಎಂದರು.

ನನಗೆ ನಮ್ಮಪ್ಪನ ನೆನಪಾಯಿತು. ಬಾಗಿಲಲ್ಲಿ ಅವರ ಚಪ್ಪಲಿ ಸದ್ದಾದರೆ ನೀನು ಮಂಚದ ಕೆಳಗಿಂದ, "ಅಕ್ಕಾ, ಇವತ್ತು ಮೋಡಾನಾ?" ಎನ್ನುತ್ತಿದ್ದೆ. ಅವರ ಮುಖ ನೋಡಿ ಬಂದು ನಾನು ಮೋಡವೋ ಬಿಸಿಲೋ ಹೇಳುತ್ತಿದ್ದೆ. ಮೋಡವೆಂದರೆ ನೀನು ಮಂಚದ ಕೆಳಗೇ ಉಳಿಯುತ್ತಿದ್ದೆ. ಅದು ನಮ್ಮಿಬ್ಬರದೇ ಗುಟ್ಟಿನ ಮಾತು. ಅವರು ಹೋದ ಮೇಲೆ ನಾನದನ್ನು ಯಾರ ಮುಂದೆಯೂ ಆಡಿಲ್ಲ.

ಶಾಲೆ ಶುರುವಾಗುತ್ತದೆ, ಬಂದು ಕರೆದೊಯ್ಯುತ್ತೇನೆ ಎಂದಿದ್ದೀಯ. ಅವಳು ಇಲ್ಲೇ ಇರಲಿ. ಇಲ್ಲಿಯೂ ಶಾಲೆಯಿದೆ. ನೀನು ಬಂದರೆ ಬಾಗಿಲು ತೆರೆಯುವವಳು ನಾನು, ಅವಳಲ್ಲ.

ಒಳ್ಳೆಯದಾಗಲಿ. ನಿನಗೂ ನಿದ್ದೆ ಬರಲಿ.

ನಿನ್ನ
ಅಕ್ಕ

ಮಡಚುವ ಮುನ್ನ: ಇವತ್ತು ಬೆಳಿಗ್ಗೆ ಸುಡುಬಿಸಿಲು. ಕನ್ನಡಕ ಸಿಗದೆ ಹುಬ್ಬು ಗಂಟಿಕ್ಕಿ ಹುಡುಕುತ್ತಿದ್ದೆ. ಕಡ್ಡಿ ಬಾಗಿಲ ಸಂದಿಯಿಂದ, "ಅತ್ತೆ, ಇವತ್ತು ಮೋಡಾನಾ?" ಎಂದಳು. ಯಾರು ಕಲಿಸಿದರೆಂದು ಕೇಳಿದೆ.

"ಅಪ್ಪಾನೇ. ಬಾಗಿಲಿಗೆ ಬಂದಾಗ ಅವರೇ ಕೂಗ್ತಾರೆ, ಇವತ್ತು ಮೋಡ ಅಂತ."

ತಮ್ಮಾ, ಅವಳು ಬಚ್ಚಿಟ್ಟುಕೊಳ್ಳಲಿ ಎಂದು ಕೂಗುತ್ತೀಯೋ, ಹೆದರಲಿ ಎಂದೋ?