ಒಂಟಿ ಚಕ್ರಕ್ಕೆ ಹೇಳಿದ ಸುಳ್ಳು

ಮಾರ್ಚ್ 2, ಸೋಮವಾರ

ಬೆಳಿಗ್ಗೆ ಲ್ಯಾಬಿನಲ್ಲಿ ಹಲ್ಲಿನ ಅಚ್ಚು ಆರು ಸುರಿದೆ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕಾಲು ಸ್ಟೂಲಿನ ಮೇಲೆ. ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ಹನ್ನೊಂದಕ್ಕೆ ಕಟ್ಟುಹಲ್ಲಿನ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ನಾಲ್ಕು ಕ್ಲಿನಿಕ್ಕಿಗೆ ಹೊರಟೆ. ಕೊನೆಯದು ಏರು ರಸ್ತೆಯದು — ಕುಂಟುತ್ತಾ ತಲುಪಿದಾಗ ಒಂದು ಗಂಟೆ ಹತ್ತು ನಿಮಿಷ. ಹಲ್ಲಿನ ಸೆಟ್ಟಿಗೆ ಕಾದಿದ್ದ ಪೇಷೆಂಟ್ ಎದ್ದು ಹೋಗಿದ್ದರಂತೆ. ಡಾಕ್ಟರಮ್ಮ ಡಬ್ಬಿ ತೆಗೆದು ಕಪಾಟಿನಲ್ಲಿಟ್ಟರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಲ್ಯಾಬ್ ಯಜಮಾನರು ಅಂದರು: "ತಿಂಗಳ ಕೊನೆವರೆಗೂ ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಡೆಲಿವರಿ ಕೊರಿಯರ್‌ಗೆ ಕೊಟ್ಬಿಡ್ತೀನಿ. ನೀವು ಆರಾಮಾಗಿ ಕೂತು ಕೆಲಸ ಮಾಡಿ."

ಆರಾಮವಂತೆ! ಹನ್ನೆರಡು ವರ್ಷ ಕೂತೇ ಇದ್ದೆ. ನೂರಾರು ಬಾಯಿಗೆ ಹಲ್ಲು ಮಾಡಿದೆ, ಒಂದು ಬಾಯಿಯನ್ನೂ ನೋಡಿರಲಿಲ್ಲ. ಡೆಲಿವರಿಗೆ ಹೋಗಲು ಶುರು ಮಾಡಿದ ಮೇಲೆಯೇ ನೋಡಿದ್ದು, ನಾನು ಮಾಡಿದ ಹಲ್ಲಲ್ಲಿ ಜನ ನಗುವುದನ್ನು. ಅದನ್ನು ಬಿಟ್ಟುಕೊಡುವುದಿಲ್ಲ. ಸುತರಾಂ ಇಲ್ಲ.

ಮಾರ್ಚ್ 4

ಇವತ್ತು ಒಂದು ವಿಚಿತ್ರ ಕಂಡೆ. ಇಸ್ತ್ರಿ ಷರ್ಟಿನ ಹೆಂಗಸೊಬ್ಬಳು ಒಂದೇ ಚಕ್ರದ ಮೇಲೆ ನಿಂತು ಸರ್ರನೆ ಬಂದಳು. ಬ್ಯಾಟರಿಯದ್ದು. ಸೀಟಿಲ್ಲ, ಹ್ಯಾಂಡಲ್ಲಿಲ್ಲ, ಚಕ್ರದ ಎರಡು ಪಕ್ಕ ಕಾಲಿಡಲು ಎರಡು ಪೆಡಲ್, ಅಷ್ಟೆ. ಇಳಿದಳು, ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಲಿಫ್ಟ್ ಹತ್ತಿದಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಏರು ರಸ್ತೆಗೆ ಕಾರು, ಸ್ಕೂಟರ್ ಬಿಡುವುದಿಲ್ಲ. ಕ್ಲಿನಿಕ್ಕಿನ ಮುಂದೆ ಸೈಕಲ್ ನಿಲ್ಲಿಸಲೂ ಜಾಗವಿಲ್ಲ. ಇದಾದರೆ...

ಮನೆಯಲ್ಲಿ ಹೇಳಿದೆ. ಇವರು: "ಏನು, ಸರ್ಕಸ್ ಸೇರ್ತೀಯಾ?"

"ನಿಮ್ಮನ್ನ ಕಟ್ಕೊಂಡಾಗಲೇ ಸೇರಾಯ್ತು."

ಮಾರ್ಚ್ 6

ಮೂರು ದಿನದಿಂದ ಬರೀ ವಿಡಿಯೋ. ಹದಿನಾಲ್ಕು ಇಂಚಿನ ಚಕ್ರ, ಹದಿನಾರು, ಹದಿನೆಂಟು. ಚಿಕ್ಕದು ಹಗುರ, ದೊಡ್ಡದು ಸ್ಥಿರ. ಒಬ್ಬೊಬ್ಬರದು ಒಂದೊಂದು ರಾಗ, ತಲೆ ಚಿಟ್ಟು ಹಿಡಿಯಿತು. ಒಂದು ಮಾತು ಮಾತ್ರ ಎಲ್ಲರೂ ಹೇಳುತ್ತಾರೆ — ಮೊದಲು ನಿಮ್ಮ ತೂಕ ನೋಡಿಕೊಳ್ಳಿ. ಅದು ಬಂದಾಗೆಲ್ಲ ಮುಂದಕ್ಕೆ ಓಡಿಸುತ್ತೇನೆ.

ಮಾರ್ಚ್ 7, ಸಂಜೆ

ಇಂಥ ಚಕ್ರ ಮಾರುವ ಅಂಗಡಿಗೆ ಹೋದೆವು. ಮೆಕ್ಯಾನಿಕ್ ನಿಧಾನಸ್ಥ, ಕೈಯೆಲ್ಲ ಗ್ರೀಸು. ಫಾರಂ ತೆಗೆದ. "ಮೊದಲನೇ ಸಲಾನಾ? ಸರಿ. ತೂಕ ಎಷ್ಟು ಮೇಡಂ?"

ಪಕ್ಕದಲ್ಲೇ ಇವರು. ಕಡ್ಡಿ ಹಾಗಿರುವ ಗಂಡ. ಹಿಂದೆ ಇನ್ನೂ ಇಬ್ಬರು ಗಿರಾಕಿಗಳು.

"ಅರವತ್ತೆಂಟು."

ಸುಳ್ಳೇನಲ್ಲ. ಮಗಳು ಹುಟ್ಟುವ ಮುಂಚೆ ಇತ್ತು. ಅವಳಿಗೀಗ ಹತ್ತೊಂಬತ್ತು.

ಮೆಕ್ಯಾನಿಕ್ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಫಾರಂ ನೋಡಿದ, ಬರೆದುಕೊಂಡ. ಇವರಿಗೆ ಇದ್ದಕ್ಕಿದ್ದ ಹಾಗೆ ಹೆಲ್ಮೆಟ್ಟುಗಳಲ್ಲಿ ಭಾರಿ ಆಸಕ್ತಿ ಬಂತು.

ಹದಿನಾಲ್ಕು ಇಂಚಿನದು ಕೊಟ್ಟ, ಹದಿನೈದು ದಿನದ ಟ್ರಯಲ್ ಮೇಲೆ. "ಈ ತೂಕಕ್ಕೆ ಇದು ಧಾರಾಳ ಸಾಕು. ಗಾಳೀನೂ ಅದಕ್ಕೆ ತಕ್ಕ ಹಾಗೇ ಹಾಕಿದ್ದೀನಿ."

ನಿಜವಾದ ಅಂಕಿ ಇಲ್ಲೂ ಬರೆಯುವುದಿಲ್ಲ. ಯಾರು ಓದುತ್ತಾರೆ? ಆದರೂ ಬೇಡ.

ಮಾರ್ಚ್ 9, ಬೆಳಿಗ್ಗೆ 6.30

ಕಟ್ಟಡದ ಹಿಂದಿನ ಪಾರ್ಕಿಂಗು. ಒಂದು ಕೈ ಗೋಡೆ ಮೇಲೆ, ಇನ್ನೊಂದು ಇವರ ಹೆಗಲ ಮೇಲೆ. ಬಲಗಾಲು ಇಟ್ಟೆ. ಎಡಗಾಲು ಎತ್ತುವುದೇ ತಡ, ಚಕ್ರ ಒಂದು ಕಡೆ, ನಾನು ಒಂದು ಕಡೆ, ಇವರು ಗೋಡೆ ಕಡೆ. ಮೊಣಕಾಲ ಕೆಳಗೆ ಎರಡೂ ಕಡೆ ನೀಲಿ.

"ಕೆಳಗೆ ನೋಡ್ಬೇಡ, ಮುಂದೆ ನೋಡು" — ಫೋನಿನಲ್ಲಿ ಓದಿ ಓದಿ ನನಗೆ ಪಾಠ. ತಾವು ಸೈಕಲ್ಲೂ ಹತ್ತಿದವರಲ್ಲ.

ಮಾರ್ಚ್ 12

ಗೋಡೆ ಬಿಟ್ಟು ಹತ್ತು ಹೆಜ್ಜೆ ದೂರ!! ಎಣಿಸಿದ್ದು ಇವರು. ಹಿಮ್ಮಡಿ ಒಂದು ಚೂರೂ ನೋಯಲಿಲ್ಲ.

ಚಕ್ರ ಮಾತ್ರ ಬೀಪ್ ಬೀಪ್ ಅನ್ನುತ್ತದೆ. ಟೈರು ಅಪ್ಪಚ್ಚಿಯಾದ ಹಾಗಿದೆ. ಹೊಸದಲ್ಲವಾ, ಒಗ್ಗಿಕೊಳ್ಳುತ್ತದೆ.

ಮಾರ್ಚ್ 17

ಬಿದ್ದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ದಿನ ಚೆನ್ನಾಗಿತ್ತು, ಜಂಬ ಬಂತು. ಏರು ರಸ್ತೆಗೆ ಒಯ್ದೆ. ಅರ್ಧ ಏರಿಗೆ ಬೀಪ್ ಬೀಪ್ ಬೀಪ್ — ಆಮೇಲೆ ಪೆಡಲಿನಲ್ಲಿ ಜೀವವೇ ಇಲ್ಲ. ಮುಂದಕ್ಕೆ ಧಡ್ಡನೆ. ಮಣಿಕಟ್ಟಿಗೆ ಪ್ಯಾಡ್ ಕಟ್ಟಿದ್ದರಿಂದ ಬಲಗೈಗೆ ಬರೀ ಉಳುಕು. ಇವರು ಒಂದೇ ಚಪ್ಪಲಿಯಲ್ಲಿ ಓಡಿ ಬಂದರು.

ಮನೆಗೆ ಬಂದು ಅಂಗಡಿಗೆ ಫೋನು. "ಕೆಟ್ಟೋಗಿರೋ ಮಾಲು ಕೊಟ್ಟಿದ್ದೀರಾ! ನನ್ನ ಹೆಂಡ್ತಿ ತಲೆ ಒಡೆದಿದ್ರೆ?" ಯಾರ ಮೇಲೂ ದನಿ ಎತ್ತದ ಮನುಷ್ಯ. ನನಗೋಸ್ಕರ ಕೂಗಾಡಿದರು. ನಾನು ಬಾಯಲ್ಲಿ ಪ್ಲಾಸ್ಟರ್ ತುಂಬಿಕೊಂಡವಳ ಹಾಗೆ ಕೂತಿದ್ದೆ.

ವಾಪಸ್ ಕೊಟ್ಟು ಕೈ ತೊಳೆದುಕೊಳ್ಳೋಣ ಅನ್ನುತ್ತಾರೆ. ಕೊಟ್ಟರೆ ಡೆಲಿವರಿ ಹೋಯಿತು. ಹೇಳದೆ ಇಟ್ಟುಕೊಂಡರೆ ಕೈಯೋ ಕಾಲೋ ಹೋಯಿತು. ಹೇಳಿದರೆ ಮಾನ. ನಿದ್ದೆ ಬಂದರೆ ಸಾಕು.

ಮಾರ್ಚ್ 18

ಮೆಕ್ಯಾನಿಕ್ ಚಕ್ರ ಪೂರಾ ಬಿಚ್ಚಿದ. ಮೋಟರ್, ಬ್ಯಾಟರಿ, ಒಂದೊಂದು ತಂತಿ. ಒಂದು ಗಂಟೆ ನೋಡಿದ. ಮುಖ ಚಿಕ್ಕದಾಗಿ ಹೋಗಿತ್ತು.

"ಎಲ್ಲಾ ಸರಿ ಇದೆ ಸರ್. ಎಲ್ಲಿ ತಪ್ಪಿತೋ ಗೊತ್ತಾಗ್ತಿಲ್ಲ. ನಾನೇ ಏನೋ ನೋಡ್ದೆ ಕೊಟ್ಟಿರ್ಬೇಕು. ಮೇಡಂ, ತಪ್ಪಾಯ್ತು."

ನನ್ನ ಹತ್ತಿರ ಕ್ಷಮೆ! ಆ ಗ್ರೀಸಿನ ಕೈ ಮುಗಿದು!

"ತೊಂಬತ್ತೊಂದು," ಅಂದೆ.

"ಏನು ಮೇಡಂ?"

"ನನ್ನ ತೂಕ. ತೊಂಬತ್ತೊಂದು ಕೆಜಿ. ಅವತ್ತು ಸುಳ್ಳು ಹೇಳ್ದೆ. ನಿಮ್ಮದೇನೂ ತಪ್ಪಿಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಅಂದುಕೊಂಡೆ.

"ನಂದು ಐವತ್ತೊಂದು," ಅಂದರು, ಮೆಲ್ಲಗೆ. "ಇಷ್ಟು ವರ್ಷ ಎಲ್ಲರ ಹತ್ರಾನೂ ಅರವತ್ತು ಅಂತಾನೇ ಹೇಳ್ಕೊಂಡು ಬಂದಿದ್ದೀನಿ."

ಮೂವರಿಗೂ ನಗು ತಡೆಯಲಿಲ್ಲ. ನನಗೆ ಅಳುವೂ ಬಂತು, ಎರಡೂ ಒಟ್ಟಿಗೆ.

ನಕ್ಕ ಮೇಲೆ ಮೆಕ್ಯಾನಿಕ್ ಚೆನ್ನಾಗಿಯೇ ಬೈದ. "ಇದು ಎಂಬತ್ತರೊಳಗಿನೋರಿಗೆ. ಏರಲ್ಲಿ ದಮ್ಮು ಸಾಲ್ದೆ ಕೈಬಿಟ್ಟಿದೆ. ಅಷ್ಟು ಸಲ ಬೀಪ್ ಅಂದಿದ್ದು ಏನಕ್ಕೆ ಅಂದ್ಕೊಂಡ್ರಿ? ಕೈ ಮುರಿದಿದ್ರೆ ಹಲ್ಲು ಮಾಡೋರು ಯಾರು?"

ಆಮೇಲೆ ಮೊದಲಿಂದ ಆಯ್ಕೆ. ಹದಿನೆಂಟು ಇಂಚಿನದು ಗಂಭೀರ, ಆದರೆ ಎತ್ತಲು ಕ್ರೇನೇ ಬೇಕು. ಹದಿನಾರರಲ್ಲಿ ಒಂದು — ಮೋಟರ್ ದೊಡ್ಡದು, ಬ್ಯಾಟರಿ ದೊಡ್ಡದು, ಎಳೆಯಲು ಹಿಡಿಕೆ ಇದೆ, ಲಿಫ್ಟಿನಲ್ಲಿ ಹಿಡಿಸುತ್ತದೆ. ಮೈತುಂಬ ಗೀರು, ಯಾರೋ ಓಡಿಸಿದ್ದು. "ಕಲಿಯೋರಿಗೆ ಇದೇ ವಾಸಿ. ಬಿದ್ರೆ ಹೊಟ್ಟೆ ಉರಿಯಲ್ಲ." ಟೈರಿಗೆ ಗಾಳಿ ತೊಂಬತ್ತೊಂದಕ್ಕೆ ತಕ್ಕ ಹಾಗೆ.

ಅದನ್ನೇ ತಂದೆವು.

ಮಾರ್ಚ್ 24

ಉಳುಕು ಇಳಿದಿದೆ. ಹೊಸ ಚಕ್ರದ ಮೇಲೆ ಪಾರ್ಕಿಂಗ್ ಮೂರು ಸುತ್ತು. ಬೀಪ್ ಇಲ್ಲ. ತಿರುಗುವಾಗ ಭಯ, ನಿಲ್ಲಿಸುವಾಗ ಇನ್ನೂ ಭಯ. ನಿಲ್ಲಿಸಲು ಇವರನ್ನು ಅಪ್ಪಿಕೊಳ್ಳುತ್ತೇನೆ, ಬೇರೆ ಬ್ರೇಕ್ ಗೊತ್ತಿಲ್ಲ. "ದಿನಾ ಇಷ್ಟೇ ಕಲಿ, ಅರ್ಜೆಂಟೇನಿಲ್ಲ," ಅನ್ನುತ್ತಾರೆ. ಕಳ್ಳ.

ಮಾರ್ಚ್ 27

ಇವರಿಲ್ಲದೆ ನಿಲ್ಲಿಸಿದೆ. ಏಳು ಸಲ. ಪಾಪ, ಮುಖ ಸಪ್ಪೆಯಾಯಿತು.

ಮಾರ್ಚ್ 30, ಸೋಮವಾರ, ಮಧ್ಯಾಹ್ನ 12.15

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ, ಡಬ್ಬಿ ಸುತ್ತಿದ್ದ ಕಾಗದದ ಹಿಂದೆ.

ನಾಲ್ಕೂ ಮುಗಿಯಿತು. ಏರು ರಸ್ತೆಗೆ ಹನ್ನೊಂದು ನಲವತ್ತು! ಜನ ಹೆಚ್ಚಿದ್ದ ಕಡೆ ಇಳಿದು ಎಳೆದೆ, ಉಳಿದಿದ್ದೆಲ್ಲ ಚಕ್ರದ ಮೇಲೆ. ಯಜಮಾನರಿಗೆ ಫೋನು ಮಾಡಿದರೆ, "ಇಷ್ಟು ಬೇಗಾನಾ? ಹಾಗಾದ್ರೆ ಕೊರಿಯರ್‌ನೋರಿಗೆ ಬೇಡ ಅಂತೀನಿ ಬಿಡಿ," ಅಂದರು. ಅಷ್ಟೇ. ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಅವತ್ತು ಕಾದು ಕಾದು ಎದ್ದು ಹೋಗಿದ್ದ ಪೇಷೆಂಟಿಗೇ ಇವತ್ತು ಸೆಟ್ ಕೂರಿಸಿದ್ದು; ಊರಿಗೆ ಹೋಗಿದ್ದವರು ಈಗಷ್ಟೇ ವಾಪಸ್ ಬಂದರಂತೆ. ಹೊರಗೆ ಬಂದರು — ದುಂಡಗಿನ ಅಜ್ಜಿ, ಬಾಯಿ ಮೇಲೆ ಕರವಸ್ತ್ರ. ಚಕ್ರ ನೋಡಿ ನಿಂತರು.

"ಇದರ ಮೇಲೇ ಬಂದ್ಯೇನಮ್ಮ? ನಮ್ಮಂಥ ಮೈಯೋರನ್ನೆಲ್ಲ ಹೊರುತ್ತಾ ಇದು?"

ಕೋಣೆಯಲ್ಲಿ ಐದು ಜನ. ಎಲ್ಲರೂ ತಿರುಗಿದರು.

"ತೊಂಬತ್ತೊಂದು ಕೆಜಿ ಅಜ್ಜಿ ನಾನು," ಅಂದೆ, ದೊಡ್ಡ ದನಿಯಲ್ಲೇ. "ಈಗ ತಾನೇ ಆ ಏರು ಹತ್ತಿಸ್ಕೊಂಡು ಬಂತು."

ಅಜ್ಜಿ ಕರವಸ್ತ್ರ ತೆಗೆದು ಗಹಗಹಿಸಿ ನಕ್ಕರು. ಮೇಲಿನ ಸಾಲಿನ ಕೋರೆಹಲ್ಲು ಒಂದಿಷ್ಟು ಸೊಟ್ಟ. ಡಾಕ್ಟರಮ್ಮ ಕಳಿಸಿದ್ದ ಅಜ್ಜಿಯ ಹಳೆಯ ಫೋಟೋದಲ್ಲಿ ಹಾಗೇ ಇತ್ತು ಅಂತ ನಾನೇ ಬೇಕೆಂದು ಸೊಟ್ಟ ಕೂರಿಸಿದ್ದು. ಅವರಿಗೆ ಅದು ಗೊತ್ತಾಗಿದೆಯೋ ಇಲ್ಲವೋ, ನಾಲಿಗೆಯಿಂದ ಆ ಹಲ್ಲನ್ನೇ ಮುಟ್ಟಿ ಮುಟ್ಟಿ ನೋಡುತ್ತಾ, ನನ್ನ ಕಡೆಗೇ ಬರುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.