ಹನ್ನೆರಡು ವೋಲ್ಟಿನ ಕೋಟು

ಫಾಗರ್ನೆಸ್,
ಫೆಬ್ರವರಿ ೨೦, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಲೋಫೋಟೆನ್‌ನಲ್ಲಿ ಈ ಸಲ ಮೀನು ಬಲೆ ಹರಿಯುವಷ್ಟು ಬೀಳುತ್ತಿದೆ ಎಂದು ದೊಡ್ಡಪ್ಪ ಅಮ್ಮನಿಗೆ ಹೇಳಿದನಂತೆ. ಅವನ ಮಾತಿನಲ್ಲಿ ಅರ್ಧ ಕಳೆದರೂ ಸಂತೋಷವೇ. ಅವನ ದೋಣಿಯಲ್ಲಿ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಕಾಫಿಯಲ್ಲೇ ದಿನ ದೂಡುತ್ತಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ. ನೀನಿಲ್ಲದೆ ಕಂದು ಚೀಸು ಮುಗಿಯುವುದೇ ಇಲ್ಲ ಎಂದು ಗೊಣಗುತ್ತಾಳೆ. ನಿನ್ನನ್ನು ನೆನೆಸಿಕೊಳ್ಳುವುದಕ್ಕೆ ಅವಳಿಗೆ ಇನ್ನೊಂದು ದಾರಿ ಗೊತ್ತಿಲ್ಲ, ನೀನೇ ಅರ್ಥ ಮಾಡಿಕೊ.

ಫೋನು ಬಿಟ್ಟು ಪತ್ರ ಯಾಕೆ ಅನ್ನುತ್ತೀಯ? ಫೋನಿನಲ್ಲಿ ಬೈಕಿನ ಮಾತೆತ್ತಿದರೆ ಸಾಕು, ನೀನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳತೊಡಗುತ್ತೀಯ. ಪತ್ರವಾದರೆ ನೀನು ನಡುವೆ ಬಾಯಿ ಹಾಕಲಾರೆ. ಜನವರಿಯಲ್ಲಿ ಹೊರಡುವಾಗ ನೀನು ಬಾಗಿಲಲ್ಲಿ ನಿಂತು, “ಗುನ್ವೋರ್, ಗಾಡಿ ಮಾರಿಬಿಡು. ನಾನು ಬರೋಷ್ಟೊತ್ತಿಗೆ ಶೆಡ್ಡು ಖಾಲಿ ಇರ್ಬೇಕು” ಎಂದಿದ್ದೆ. ಹಾಮಾರ್ ಊರಿನವನೊಬ್ಬ ನೋಡಲು ಬರುತ್ತಾನೆ ಎಂದೂ ಹೇಳಿದ್ದೆ. ಬಂದಿದ್ದ. ಆ ವಿಷಯ ಕೊನೆಗೆ ಬರೆಯುತ್ತೇನೆ. ಅದಕ್ಕೂ ಮೊದಲು ಹೇಳಲೇಬೇಕಾದದ್ದು ಹೊಟ್ಟೆಯಲ್ಲಿ ಕುಣಿಯುತ್ತಿದೆ: ಅಪ್ಪಾ, ನಾನು ಚಳಿಗಾಲದ ಬೈಕು ಕೂಟಕ್ಕೆ ಹೋಗಿ ಬಂದೆ! ನಿನ್ನ ಗಾಡಿಯಲ್ಲೇ, ಸೈಡ್‌ಕಾರಿನ ಸಮೇತ, ಘಟ್ಟ ಹತ್ತಿ, ಆಚೆಗೂ ಇಳಿದೆ!

ಹೌದು, ಕರೆಂಟಿನ ಕೋಟು ಹಾಕಿಕೊಂಡೇ ಹೋದೆ. ನಿನ್ನ ಮುಖ ಹೇಗಾಯಿತೆಂದು ನನಗೆ ಇಲ್ಲಿಂದಲೇ ಕಾಣುತ್ತಿದೆ. “ಕರೆಂಟ್ ಸುತ್ಕೊಂಡು ಚಳೀಲಿ ಹೋಗೋದಾದ್ರೆ ಮನೇಲಿ ಒಲೆ ಮುಂದೆ ಕೂತ್ಕೊಳ್ಳೋಕೇನು ಧಾಡಿ” ಎಂದು ನೀನೂ ನಿನ್ನ ಬೈಕು ಗೆಳೆಯ ಓಡ್ಮುಂಡ್ ಮಾಮನೂ ಸೇರಿ ಎಷ್ಟು ಜನರ ಮಾನ ಕಳೆದಿದ್ದೀರಿ! ಎದೆಗೆ ಹಳೆಯ ಪೇಪರು, ಮೇಲೆ ಕುರಿಚರ್ಮ, ಅಷ್ಟರಲ್ಲೇ ಬಂದವನು ಗಂಡಸು, ಮಿಕ್ಕವರೆಲ್ಲ ಬ್ರೆಡ್ಡು ಕಾಯಿಸುವ ಯಂತ್ರಗಳು ಎನ್ನುವುದು ನಿಮ್ಮ ಕಾನೂನು. ಆದರೆ ನನ್ನನ್ನು ಬೆಳೆಸುವಾಗ ದಿನಾ ಬೆಳಿಗ್ಗೆ ಹೇಳುತ್ತಿದ್ದದ್ದೇನು? ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಅಂತ ಇದೆ. ನಾನು ನಿನ್ನ ಮಾತನ್ನೇ ಪಾಲಿಸಿದೆ. ಎಲ್ಲರ ಮನೆಗೂ ವೈರಿಂಗ್ ಮಾಡುವವಳು ನನ್ನ ಮೈಗೊಂದು ಮಾಡಿಕೊಳ್ಳಬಾರದೇ? ನಿನ್ನ ಗಾಡಿಯ ಮುದಿ ಡೈನಮೋ ತೆಗೆದು ಬೇರೆಯದು ಕೂರಿಸಿದೆ, ಬ್ಯಾಟರಿಯಿಂದ ಸೀಟಿನ ಪಕ್ಕಕ್ಕೆ ಒಂದು ವೈರ್ ಎಳೆದೆ. ಸೀಟಿನ ಮೇಲೆ ಕೂತು ಕೋಟಿನ ಪ್ಲಗ್ಗು ಸಿಕ್ಕಿಸಿದರೆ ಮುಗಿಯಿತು. ಬೆನ್ನು, ಎದೆ, ಕತ್ತು ಬೆಚ್ಚಗಾಗುತ್ತವೆ, ತೋಳಿನೊಳಗಿಂದ ಬಂದ ವೈರು ಕೈಗವಸಿನ ಬೆರಳುಗಳನ್ನೂ ಕಾಯಿಸುತ್ತದೆ. ಮೊದಲ ದಿನ ಶೆಡ್ಡಿನಲ್ಲಿ ಹಾಕಿಕೊಂಡು ಕೂತಾಗ, ಒಲೆಯಿಂದ ಆಗ ತಾನೇ ತೆಗೆದ ಬ್ರೆಡ್ಡನ್ನು ಯಾರೋ ಬೆನ್ನಿಗೆ ಒತ್ತಿ ಹಿಡಿದಂತಿತ್ತು. ಅಮ್ಮ ಒಮ್ಮೆ ಹಾಕಿ ನೋಡಿದವಳು ಬಿಚ್ಚಲೇ ಒಲ್ಲೆ ಎಂದಳು.

ಹೋದ ವರ್ಷದ ಕೂಟದ ಮಾತು ಎತ್ತಬಾರದೆಂದು ಗೊತ್ತು, ಆದರೂ ಎತ್ತುತ್ತೇನೆ. ಹಿಮ ಬಿದ್ದಾಗ ರಸ್ತೆ ಮುಚ್ಚುವ ಘಟ್ಟದ ಗೇಟಿನಲ್ಲಿ ಹಿಮ ತಳ್ಳುವ ಗಾಡಿ ಬರಲೆಂದು ಕಾಯುತ್ತಿದ್ದಾಗ ನಿನ್ನ ಬೆರಳುಗಳು ಮೇಣದಂತೆ ಬೆಳ್ಳಗಾಗಿ, ಕ್ಲಚ್ಚು ಹಿಡಿಯಲಾಗದೆ, ಅಮ್ಮ ಟ್ರೇಲರ್ ತಂದು ನಿನ್ನನ್ನೂ ಗಾಡಿಯನ್ನೂ ಮನೆಗೆ ಎಳೆದು ತಂದಳು. ಓಡ್ಮುಂಡ್ ಮಾಮ ಅದೇ ಗೇಟಿನಿಂದ ಕೈಬೀಸಿ ಮುಂದೆ ಹೋಗಿದ್ದ. ಬೈಕಿನವರ ವಸಂತದ ಊಟದಲ್ಲಿ ಎಲ್ಲರೆದುರು ನಿನಗೆ ಮಗುವಿನ ಅಳತೆಯ ಉಣ್ಣೆ ಕೈಗವಸು ಬಹುಮಾನ ಕೊಟ್ಟದ್ದೂ ಅವನೇ. ನೀನೂ ಜೊತೆಯಲ್ಲಿ ನಕ್ಕೆ. ಮನೆಗೆ ಬಂದವನು ಆಮೇಲೆ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ನನಗೆ ಹೊಟ್ಟೆ ಉರಿದುಹೋಗಿತ್ತು ಅಪ್ಪಾ. ಇಡೀ ವರ್ಷ ಉರಿಯಿತು.

ಶುಕ್ರವಾರ ಬೆಳಿಗ್ಗೆ ಹೊರಟೆ. ಮೂಗಿನ ಕೂದಲು ಸೆಟೆದು ನಿಲ್ಲುವ ಚಳಿ. ಗೇಟಿನಲ್ಲಿ ಕಾವಲಿನವನು ಗಾಳಿ ಇಳಿಯುವವರೆಗೆ ಬೈಕಿಗೆ ಬಿಡುವುದಿಲ್ಲ ಎಂದ. ಆಮೇಲೆ ಮೂರು ಚಕ್ರ ಎಣಿಸಿ, ಗಾಡಿಯ ಗುರುತು ಹಿಡಿದು, “ಇದು ಟೊರ್ಲೇವನ ಗಾಡಿ ಅಲ್ವಾ? ಆ ಮನುಷ್ಯ ಎಲ್ಲಿ?” ಎಂದು ಕೇಳಿದ. ಮೀನು ಹಿಡಿಯುತ್ತಿದ್ದಾನೆ ಎಂದೆ, ನಕ್ಕು ಬಿಟ್ಟುಕೊಟ್ಟ. ಹಿಮ ತಳ್ಳುವ ಗಾಡಿಯ ಹಿಂದೆ ಸಾಲಾಗಿ ಹೊರಟೆವು. ಎಂಥ ಆಮೆನಡಿಗೆ! ಎಂಜಿನ್ನು ನಿಧಾನವಾದರೆ ಡೈನಮೋ ಕರೆಂಟು ಕೊಡುವುದಿಲ್ಲ. ಹೆಡ್‌ಲೈಟು ಹಳದಿಗೆ ತಿರುಗಿತು. ದೀಪ ಆರಿಸುವಂತಿಲ್ಲ, ಹಿಂದೆ ಲಾರಿ. ಕೋಟಿನ ಸ್ವಿಚ್ಚು ಆರಿಸಿದೆ, ಕೈಗವಸಿನದು ಉಳಿಸಿಕೊಂಡೆ. ಎದೆ ಚಳಿ ತಡೆಯುತ್ತದೆ, ಬೆರಳು ತಡೆಯುವುದಿಲ್ಲ, ಅದು ನಿನ್ನಿಂದ ಕಲಿತದ್ದು. ಹಲ್ಲು ಕಟಕಟ ಎನ್ನುತ್ತಿದ್ದರೂ ಬೆರಳುಗಳು ನಾನು ಹೇಳಿದಂತೆ ಕೇಳಿದವು. ಘಟ್ಟದ ನೆತ್ತಿ ದಾಟಿ ರಸ್ತೆ ಬಿಡುವಾದ ಕೂಡಲೇ ಸ್ವಿಚ್ಚು ಒತ್ತಿದೆ ನೋಡು, ಬೆನ್ನಿಗೆ ಬಿಸಿ ಹರಿದು ಬಂತು, ನಾನು ಹೆಲ್ಮೆಟ್ಟಿನೊಳಗೇ ಕೂಗಾಡಿ ಹಾಡಿದೆ. ನಿನ್ನ ಗಾಡಿ ನೆತ್ತಿ ದಾಟಿತು ಅಪ್ಪಾ, ಒಂದು ಸಲವೂ ಕೆಮ್ಮಲಿಲ್ಲ.

ಕೂಟದ ಬಿಡಾರದಲ್ಲಿ ಎಲ್ಲರೂ ಬೆಂಕಿಯ ಸುತ್ತ ಕೂತು ಹಿಮಸಾರಂಗದ ಮಾಂಸದ ಗಂಜಿ ಕುಡಿಯುತ್ತಿದ್ದರು. ನನ್ನ ವೈರು ಕಂಡು ಒಂದಿಬ್ಬರು ಬ್ರೆಡ್ಡು ಕಾದಿದೆಯೇ ಎಂದು ಕೇಳಿದರು. ನಾನು ಬೆಣ್ಣೆ ತನ್ನಿ ಎಂದೆ. ಅಷ್ಟರಲ್ಲಿ ಓಡ್ಮುಂಡ್ ಮಾಮನ ಸವಾರಿ ಬಂತು. ಗಡ್ಡದ ತುಂಬ ಹಿಮ, ಕುರಿಚರ್ಮದ ಕೋಟು, ಕತ್ತಿನಲ್ಲಿ ಎಲ್ಲರಿಗೂ ಕಾಣುವಂತೆ ಹಳೆಯ ಪೇಪರಿನ ಅಂಚು. ಪ್ರತಿ ವರ್ಷದಂತೆ ಎದೆಯುಬ್ಬಿಸಿ ಗಾಡಿಯಿಂದಿಳಿದು, ಎರಡೂ ಕೈ ಚಾಚಿ ಬೆಂಕಿಯ ಕಡೆ ನಡೆದ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಗೂಟಕ್ಕೆ ಕಟ್ಟಿದ ಕರುವಿನಂತೆ ಗಕ್ಕನೆ ನಿಂತ. ಇನ್ನೊಮ್ಮೆ ಜಗ್ಗಿದ. ಹಿಂದೆ ಬೈಕು ಅಲುಗಾಡಿ, ನಿಧಾನವಾಗಿ ವಾಲಿ, ಹಿಮದಲ್ಲಿ ಮಲಗಿತು. ಕುರಿಚರ್ಮದ ಕೆಳಗಿನಿಂದ ಬ್ಯಾಟರಿಯವರೆಗೆ ಕಪ್ಪು ವೈರೊಂದು ಬಿಗಿದು ನಿಂತಿತ್ತು.

ಪ್ಲಗ್ಗು ಕೀಳುವುದನ್ನು ಮರೆತಿದ್ದ! ಈ ಕೋಟು ತೊಟ್ಟವರೆಲ್ಲ ಒಮ್ಮೆಯಾದರೂ ಮಾಡುವ ಎಡವಟ್ಟು ಅದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಮ ಇಂಗು ತಿಂದ ಮಂಗನಂತೆ ನಿಂತಿದ್ದ. ನಾನು ಎಲ್ಲರಿಗಿಂತ ಜೋರಾಗಿ ನಗಬೇಕೆಂದು ಇಡೀ ವರ್ಷ ಕಾದವಳು, ಆ ಮುಖ ನೋಡಿ ನಗಲಾಗಲಿಲ್ಲ. ಹೋಗಿ ಪ್ಲಗ್ಗು ಕಿತ್ತೆ. ಇಬ್ಬರೂ ಸೇರಿ ಬೈಕು ಎತ್ತಿದೆವು. ಬೆಂಕಿಯ ಬಳಿ ಕೂತ ಮೇಲೆ ಅವನು ನನ್ನ ಕಡೆ ನೋಡದೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ: “ವರ್ಷಗಟ್ಲೆ ಹೀಗೇ ಬರ್ತಿದೀನಿ ಕಣಮ್ಮ. ಹೋದ ವರ್ಷ ಆ ಗೇಟಲ್ಲಿ ನಿಜವಾಗಿ ಚಳೀಲಿ ನಿಂತಿದ್ದೋನು ನಿಮ್ಮಪ್ಪ ಒಬ್ನೇ. ನಾನು ಬೆಚ್ಚಗೆ ಕೈಬೀಸ್ಕೊಂಡು ಹೋದೆ. ನೀನೇ ಬರಿ ಅವನಿಗೆ, ನನ್ನ ಬಾಯಲ್ಲಿ ಬರಲ್ಲ.”

ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪಾ, ನೀನು ಸೋತು ಹಿಂದಿರುಗಿದವನಲ್ಲ. ಬಿಡಾರದಲ್ಲಿ ಈಗ ಎಲ್ಲರಿಗೂ ಅದು ಗೊತ್ತು, ನಿನಗೊಬ್ಬನಿಗೆ ಗೊತ್ತಾಗಬೇಕಿತ್ತು.

ಅಮ್ಮ ವಾಫಲ್ ಸುಟ್ಟು ಕರೆಯುತ್ತಿದ್ದಾಳೆ, ನಿಲ್ಲಿಸುತ್ತೇನೆ. ದೊಡ್ಡಪ್ಪನಿಗೆ ನನ್ನ ನಮಸ್ಕಾರ ಹೇಳು. ಅಲೆ ಜೋರಿದ್ದ ದಿನ ಹುಂಬತನ ಮಾಡಬೇಡ. ನಿನ್ನ ಗಡ್ಡಕ್ಕೆ ಒಂದು ಮುತ್ತು.

ನಿನ್ನ ಮಗಳು,
ಗುನ್ವೋರ್

ಮರೆತಿದ್ದೆ: ಹಾಮಾರಿನವನಿಗೆ ಕಾಫಿ ಕೊಟ್ಟು, ಗಾಡಿ ಮಾರುವುದಕ್ಕಿಲ್ಲ ಎಂದು ಹೇಳಿ ಕಳಿಸಿದೆ. ಬೈಯುವುದಿದ್ದರೆ ಮನೆಗೆ ಬಂದು ಬೈ. ಇದರ ಜೊತೆ ಬರುವ ಪಾರ್ಸೆಲ್ಲಿನಲ್ಲಿ ನಿನ್ನ ಅಳತೆಯ ಕೋಟಿದೆ, ಹೊಲಿದದ್ದು ಅಮ್ಮ, ವೈರು ನನ್ನದು. ಕರೆಂಟಿನ ಕೈಗವಸು ಮಾತ್ರ ನಾನು ಕೊಂಡದ್ದಲ್ಲ. ಓಡ್ಮುಂಡ್ ಮಾಮ ಭಾನುವಾರ ಹೊರಡುವಾಗ ತನ್ನ ಕೈಯಿಂದ ಬಿಚ್ಚಿ, “ಟೊರ್ಲೇವನಿಗೆ ಇರ್ಲಿ, ಮಗುವಿನ ಅಳತೇದು ಅಲ್ಲ ಅಂತ ಹೇಳು” ಎಂದು ಕೊಟ್ಟದ್ದು. ಕೋಟಿನ ಪ್ಲಗ್ಗನ್ನೂ ಸಿಕ್ಕಿಸದೆ ಬರೀ ಉಣ್ಣೆ ಕೈಗವಸಿನಲ್ಲಿ ಮನೆಗೆ ಹೊರಟ. ಗೇಟಿನವರೆಗೂ ಬರಲಾಗಲಿಲ್ಲವಂತೆ, ಅವನ ಹೆಂಡತಿ ಟ್ರೇಲರ್ ಕೇಳಿಕೊಂಡು ನಮ್ಮ ಮನೆಗೇ ಬಂದಳು, ಅಮ್ಮನೇ ಹೋಗಿ ಅವನನ್ನು ಎಳೆದು ತಂದಳು. ಒಂದು ಫೋನು ಮಾಡು ಅವನಿಗೆ. ದೋಣಿಯ ಬ್ಯಾಟರಿಯೂ ಹನ್ನೆರಡು ವೋಲ್ಟಿನದೇ, ವಿಚಾರಿಸಿದ್ದೇನೆ. ಅಲ್ಲೇ ಹಾಕಿಕೊಂಡು ಅಭ್ಯಾಸ ಮಾಡು. ದಡಕ್ಕೆ ಕಾಲಿಡುವ ಮೊದಲು ಪ್ಲಗ್ಗು ಕೀಳು ಅಪ್ಪಾ, ದೊಡ್ಡಪ್ಪನ ದೋಣಿಯನ್ನು ಎಳೆದುಕೊಂಡು ಮನೆಗೆ ಬಂದೀಯ.