ಅತಿಥಿಗೆ ಕೊಟ್ಟ ನೀರು

ಮಾರ್ಚ್ 2, ಬೆಳಿಗ್ಗೆ

ತಂಗಿಗೆ ಬರೆಯುವ ಕಾಗದ. ಮೊದಲು ಇಲ್ಲಿ ಗೀಚಿಕೊಳ್ಳುವುದು. ಅಕ್ಷರ ತಪ್ಪಿದರೆ ಅವಳ ಮಗಳು ವಾಂಡಾ ನಗುತ್ತಾಳೆ.

ಐಸಿ, ಹೇಗಿದ್ದೀಯೆ? ನಿನ್ನ ಗಂಡ ಹಾರ್ಲನ್‌ನ ಮೊಣಕಾಲು ಹೇಗಿದೆ? ವಾಂಡಾಳ ಕೆಮ್ಮು ನಿಂತಿತೆ? ಒಹಾಯೊದಲ್ಲಿ ಹಿಮ ಕರಗಿತೆ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ...

ಇಲ್ಲಿಗೇ ನಿಂತಿತು. ಚೆನ್ನಾಗಿದ್ದೇವೆ ಅಂದಮೇಲೆ ಮುಂದಿನದನ್ನು ಹೇಗೆ ಬರೆಯಲಿ. ಅಷ್ಟನ್ನೇ ಟಪಾಲಿಗೆ ಹಾಕುತ್ತೇನೆ. ಬೀನ್ಸ್ ನಸುಕಿನಿಂದ ಒಲೆಯ ಮೇಲಿದೆ, ಇನ್ನೂ ಕಲ್ಲು. ಈ ಬಾವಿ ನೀರಿನಲ್ಲಿ ಈಗ ಏನೂ ಬೇಯುವುದಿಲ್ಲ. ಚಹಾ ಮಾಡಿದರೆ ಶಾಯಿ.

ಮಾರ್ಚ್ 5

ನನ್ನ ಗಂಡ ಬರ್ಲ್‌ನ ಬಿಳಿ ಅಂಗಿ, ಚರ್ಚಿಗೆ ಹಾಕುವುದು. ಒಗೆದು ಹಿಂಡಿದರೆ ತುಕ್ಕಿನ ಬಣ್ಣ.

"ಬಿಡು, ಹೊಸಾ ಅಂಗಿ ಬಂದಂಗಾಯ್ತು" ಅಂದ. ಅದೇ ನೀರನ್ನು ಲೋಟದ ತುಂಬ ಕುಡಿದ. ನನ್ನನ್ನೇ ನೋಡಿಕೊಂಡು.

"ಬೇಡ ಕಣೋ. ಕಿಡ್ನಿ ಬಗ್ಗೆ ಡಾಕ್ಟ್ರು ಏನಂದ್ರು, ಮರೆತ್ಯಾ?"

"ಕಬ್ಬಿಣದ ನೀರು ರಕ್ತಕ್ಕೆ ಒಳ್ಳೇದು ಅಂತ ನಿಮ್ಮಮ್ಮನೇ ಹೇಳ್ತಿದ್ಲು. ಈಗ ಅವಳು ಸುಳ್ಳು ಹೇಳಿದ್ಲು ಅಂತೀಯಾ?"

ಹಠ. ನನಗೆ ಗೊತ್ತು. ನೆಲದಡಿಯ ನೀರು ತೋರಿಸುವ ಪೀಚ್ ಮರದ ಕವೆಗೋಲು ಹಿಡಿದು ಈ ಬಾವಿಯ ಜಾಗ ಕಂಡವನು ಅವನೇ, ಅಗೆದವನೂ ಅವನೇ. ಈ ಕಣಿವೆಯ ಹನ್ನೊಂದು ಬಾವಿಗೂ ನೀರು ನೋಡಿಕೊಟ್ಟ ಕೈ. ಗಣಿ ಕಂಪನಿ ಮೇಲಿನ ಬೆಟ್ಟದ ತಲೆಯನ್ನೇ ಮದ್ದಿಟ್ಟು ಹಾರಿಸಿ ಕಲ್ಲಿದ್ದಲು ತೆಗೆಯಲು ಶುರುಮಾಡಿದ ಮೇಲೆ ಒಂದೊಂದಾಗಿ ಎಲ್ಲ ಕೆಂಪಾದವು. ಬಾವಿ ಕೆಟ್ಟಿದೆ ಅಂದರೆ ಅವನಿಗೆ ತಾನೇ ಕೆಟ್ಟಂತೆ.

ಮಾರ್ಚ್ 19

ಪೇಟೆಯಿಂದ ವಕೀಲೆ ಬಂದಿದ್ದಳು. ಚಿಕ್ಕ ವಯಸ್ಸು, ಬೂಟಿನ ತುಂಬ ಕೆಸರು. ಗಣಿಗೆ ಮೊದಲು ಬಾವಿ ಚೆನ್ನಾಗಿತ್ತು ಅಂತ ತೋರಿಸಿದರೆ ಕಂಪನಿ ಬೇರೆ ನೀರಿನ ವ್ಯವಸ್ಥೆ ಮಾಡಿಕೊಡಬೇಕಂತೆ. ಮದ್ದು ಸಿಡಿಸುವ ಮುಂಚೆ ಕಂಪನಿಯವರು ಮನೆಮನೆಯ ನೀರನ್ನು ಬಾಟಲಿಗೆ ತುಂಬಿ ಪರೀಕ್ಷೆ ಮಾಡಿದ್ದರಲ್ಲ, ಆ ಹಾಳೆ ಅವಳ ಕೈಯಲ್ಲೇ ಇತ್ತು.

"ಇದ್ರಲ್ಲಿ ಒರತೆ ನೀರು ಅಂತ ಬರ್ದಿದೆ ಅಮ್ಮಾ. ಬಾವೀದು ಇಲ್ಲ. ಯಾಕೆ?"

"ಬಾಟಲಿ ತಂದೋನು ಎಡವಟ್ಟು ಮಾಡಿರ್ತಾನೆ" ಅಂದ ಬರ್ಲ್. "ಅವನ ಮೋರೆ ನೋಡ್ದಾಗ್ಲೇ ಅಂದ್ಕೊಂಡೆ."

ಅವಳ ಬೂಟು ಒರೆಸಲು ಬಟ್ಟೆ ತರುತ್ತೇನೆ ಅಂತ ನಾನು ಒಳಗೆ ಎದ್ದುಹೋದೆ.

ಮಾರ್ಚ್ 20

ಎಡವಟ್ಟು ಮಾಡಿದವಳು ನಾನು.

ಬಾಟಲಿಯವನು ಬಂದ ದಿನ ಸುಡುಬಿಸಿಲು. ಮನೆ ಬಾಗಿಲಿಗೆ ಬಂದವರಿಗೆ ನಮ್ಮಲ್ಲಿ ಯಾರೂ ಬಾವಿ ನೀರು ಕೊಡುವುದಿಲ್ಲ. ಬಾವಿ ಮನೆಯವರಿಗೆ, ಒರತೆ ಬಂದವರಿಗೆ. ತಗಡಿನ ಬಕೆಟ್ ಹಿಡಿದು ಗುಡ್ಡ ಹತ್ತಿ ಬೀಚ್ ಮರದ ಬುಡದ ಒರತೆಯಿಂದ ತಂದೆ. ಪಾಪ, ಎರಡು ಸೌಟು ಕುಡಿದ. "ಪರೀಕ್ಷೆಗೂ ಇದನ್ನೇ ತುಂಬ್ಕೋ ಮಾರಾಯ, ಬಾವಿಗಿಂತ ಇದು ಸಿಹಿ" ಅಂದೆ. ಎಲ್ಲಿಯದು ಅಂತ ಕೇಳಿದ, ಗುಡ್ಡ ತೋರಿಸಿದೆ, ಬರೆದುಕೊಂಡ. ನಮ್ಮ ಮನೆಯ ನೀರಿಗೆ ಒಳ್ಳೆಯ ಹೆಸರು ಬರಲಿ ಅಂತ... ಫೋಟೋಕ್ಕೆ ನಿಲ್ಲಿಸುವ ಮುಂಚೆ ಮಗುವಿಗೆ ಹೊಸ ಬಟ್ಟೆ ತೊಡಿಸುವುದಿಲ್ಲವೆ, ಹಾಗೆ.

ಆ ಒರತೆಯೂ ಈಗಿಲ್ಲ. ಬೆಟ್ಟ ಒಡೆದ ಕಲ್ಲುಮಣ್ಣೆಲ್ಲ ಅದರ ಮೇಲೆಯೇ ಸುರಿದರು.

ಏಪ್ರಿಲ್ 8

ಒಂಬತ್ತು ದಿನ ಆಸ್ಪತ್ರೆ. ನಿನ್ನೆ ಬರ್ಲ್‌ನನ್ನು ಮನೆಗೆ ಕರೆತಂದೆವು. ಕಾಲು ಊದಿದೆ. ಬಾವಿ ನೀರು ಒಂದು ಹನಿಯೂ ಕೂಡದಂತೆ.

ಇವತ್ತು ಅವನಿಗೆ ಎಲ್ಲ ಹೇಳಿಬಿಟ್ಟೆ. ಬಕೆಟ್ಟು, ಬಾಟಲಿ, ಎಲ್ಲ. ಆಮೇಲೆ ಎದ್ದು, ಬಾಗಿಲ ಮೇಲಿಟ್ಟಿದ್ದ ಕವೆಗೋಲು ತೆಗೆದುಕೊಂಡು ಅಂಗಳಕ್ಕೆ ನಡೆದ. ಬೀಳುತ್ತಾನೇನೋ ಅಂತ ಹಿಂದೆಯೇ ಹೋದೆ. ಬಾವಿಯ ಹತ್ತಿರ ಬಂದಾಗ ಕೋಲಿನ ಮೂತಿ ಕೆಳಗೆ ಬಾಗಿತು.

"ನೋಡು. ಇನ್ನೂ ಎಳೀತದೆ." ಉಸಿರು ತೆಗೆದುಕೊಂಡ. "ನೀರಿದೆ ಅಂತ ಮಾತ್ರ ಕೋಲಿಗೆ ಗೊತ್ತಾಗೋದು ಡೆಲ್ಫಾ. ಎಂಥ ನೀರು ಅಂತ ಗೊತ್ತಾಗಲ್ಲ."

"ನನ್ನ ಬಯ್ಯೋ."

"ಯಾಕೆ ಬಯ್ಲಿ? ಮನೆಗೆ ಬಂದೋನಿಗೆ ಬಾವಿ ನೀರು ಕೊಟ್ಟಿದ್ರೆ ಬಯ್ತಿದ್ದೆ."

ಈಗ ಅಂಗಡಿಯ ಬಾಟಲಿ ನೀರು ಕುಡಿಯುತ್ತಾನೆ. ಗೋಡೆಯ ಕಡೆ ತಿರುಗಿಕೊಂಡು.

ಏಪ್ರಿಲ್ 11, ಮಧ್ಯಾಹ್ನ

ವಕೀಲೆ ಫೋನ್ ಮಾಡಿದ್ದಳು. ಹಿಂದೆ ನಮ್ಮ ಬಾವಿ ನೀರು ಬಳಸಿ, ಈಗ ದೂರ ಇರುವವರು ಯಾರಾದರೂ ಅದು ಚೆನ್ನಾಗಿತ್ತು ಅಂತ ಬರೆದುಕೊಟ್ಟರೆ ಒಂದು ದಾರಿ ಇದೆಯಂತೆ. ಈ ಕಾಗದ ಇವತ್ತೇ ಟಪಾಲಿಗೆ ಹೋಗಬೇಕು.

ಐಸಿ, ಹಿಂದಿನ ಕಾಗದದಲ್ಲಿ ಚೆನ್ನಾಗಿದ್ದೇವೆ ಅಂತ ಬರೆದಿದ್ದೆ. ಸುಳ್ಳು. ಗಣಿಯಿಂದ ಬಾವಿ ಕೆಂಪಾಗಿದೆ, ಬರ್ಲ್ ಹಾಸಿಗೆ ಹಿಡಿದಿದ್ದಾನೆ. ನಿನ್ನ ಮದುವೆಯ ಬಿಳಿ ಗೌನು ನೆನಪಿದೆಯೆ? ಕೆಸರಾಗಿತ್ತು, ಹಿಂದಿನ ದಿನ ನಾವಿಬ್ಬರೂ ಇದೇ ಬಾವಿಕಟ್ಟೆಯಲ್ಲಿ ಒಗೆದು, ಮೂರು ಸಲ ಜಾಲಿಸಿ, ಸೇಬಿನ ಗಿಡದ ಮೇಲೆ ಹರವಿದ್ದೆವು. ಅದನ್ನು ಮತ್ತೆ ನೀರಿಗೆ ಹಾಕಲೇ ಇಲ್ಲ ಅಂತ ನೀನೇ ಹೇಳಿದ್ದೆ. ಪೆಟ್ಟಿಗೆ ತೆಗೆದು ನೋಡು. ವಯಸ್ಸಿಗೆ ಹಳದಿಯಾಗಿದ್ದರೆ ಹಳದಿ ಅಂತಲೇ ಬರೆ. ತುಕ್ಕಿನ ಕಲೆ ಇದೆಯೋ ಇಲ್ಲವೋ, ಅಷ್ಟು ಬರೆ. ಬರ್ಲ್ ಸರಿಯಾದ ಜಾಗವನ್ನೇ ತೋರಿಸಿದ್ದ ಅಂತ ಅವನು ಇರುವಾಗಲೇ ಒಬ್ಬರಾದರೂ ಬರೆಯಲಿ. ಬೇಗ ಬರೆ ಐಸಿ. ಈ ವಾರವೇ ಬರೆ.

ಒಳಗಿನಿಂದ ಬಾಯಾರಿಕೆ ಅನ್ನುತ್ತಿದ್ದಾನೆ. ಬಾಟಲಿ ನೋಡಿದೆ, ಖಾಲಿ. ಅಂಗಡಿಗೆ ಹನ್ನೆರಡು ಮೈಲಿ. ಬಾವಿ ನೀರು ಕೊಡಲಾರೆ; ಕಾಗದ ಹಿಡಿದು ನಾನು ಅಂಗಡಿಗೇ ಹೊರಟೆ.